ಡ್ರಮ್ಸ್ ಹಿಂದೆ ಕೂತು ಬರೆದವನು

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ಕೆನಡಾದ ರಾಕ್ ಬ್ಯಾಂಡ್ 'ರಷ್'ನ ಡ್ರಮ್ಮರ್ ನೀಲ್ ಪಿಯರ್ಟ್ ಹೆಸರು ಎತ್ತಿದ್ದೆ. 'ಬಾರಿಸಿದಷ್ಟೇ ಚೆನ್ನಾಗಿ ಬರೆದವನು' ಅಂತ ಒಂದೇ ಸಾಲು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅವನಿಗೇ. ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹದಿನೇಳನೇ ವಯಸ್ಸಿನಿಂದ ಅವನನ್ನು ಕೇಳುತ್ತಿದ್ದೇನೆ. ಈಗ ಹೊಸದಾಗಿ 'ಅವರು' ಅಂದರೆ ಬೇರೆ ಯಾರದೋ ಸುದ್ದಿ ಅನ್ನಿಸುತ್ತದೆ.

ಪ್ರಶ್ನೆ: ಹಾಡುವವನು ಹಾಡು ಬರೆಯುವುದನ್ನು ಕೇಳಿದ್ದೇನೆ. ಹಿಂದೆ ಕೂತು ಬಡಿಯುವವನಿಗೆ ಆ ಕೆಲಸ ಯಾರು ಕೊಟ್ಟರು?

ಉಳಿದಿಬ್ಬರಿಗೂ ಅದು ಬೇಡವಾಗಿತ್ತು, ಅದಕ್ಕೆ. ತಮಾಷೆಯಲ್ಲ, ನಿಜ. ಬ್ಯಾಂಡ್‌ನಲ್ಲಿ ಇದ್ದದ್ದೇ ಮೂರು ಜನ. ಗೆಡ್ಡಿ ಲೀ ಹಾಡುತ್ತಿದ್ದ, ಬೇಸ್ ಗಿಟಾರ್ ನುಡಿಸುತ್ತಿದ್ದ, ಆಮೇಲಾಮೇಲೆ ಕೀಬೋರ್ಡೂ ಅವನ ತಲೆಗೇ ಬಂತು. ಅಲೆಕ್ಸ್ ಲೈಫ್ಸನ್ ಗಿಟಾರ್. ಮೊದಲ ಆಲ್ಬಂ ಆದ ಮೇಲೆ ಡ್ರಮ್ಮರ್ ಜಾನ್ ರಟ್ಸೀ ಬಿಟ್ಟು ಹೋದ. ಅಮೆರಿಕ ಪ್ರವಾಸ ತಲೆ ಮೇಲೆ ಕೂತಿತ್ತು. ಆಗ ಆಡಿಶನ್‌ಗೆ ಬಂದವರಲ್ಲಿ ಒಬ್ಬ ಹಳೇ ಫೋರ್ಡ್ ಪಿಂಟೋ ಕಾರಿನಲ್ಲಿ, ಡ್ರಮ್ಸನ್ನು ಕಸದ ಡಬ್ಬಿಗಳಲ್ಲಿ ತುಂಬಿಕೊಂಡು ಬಂದಿದ್ದ. ಕೋಲುದ್ದದ ಆಸಾಮಿ. ಬಾರಿಸಲು ಶುರು ಮಾಡಿದ ಮೇಲೆ ಗೆಡ್ಡಿಗೆ ಬೇರೆ ಯಾರೂ ಬೇಡವಾದರು. ಅಲೆಕ್ಸ್ ಮಾತ್ರ ಸ್ವಲ್ಪ ಮೂಗು ಮುರಿದನಂತೆ. 1974ರ ಜುಲೈ 29ಕ್ಕೆ ಪಿಯರ್ಟ್ ಸೇರಿದ. ಅವತ್ತು ಗೆಡ್ಡಿಗೆ 21 ತುಂಬಿದ ದಿನ. ಎರಡೇ ವಾರಕ್ಕೆ, ಆಗಸ್ಟ್ 14ರಂದು, ಪಿಟ್ಸ್‌ಬರ್ಗ್‌ನಲ್ಲಿ ಹನ್ನೊಂದು ಸಾವಿರಕ್ಕೂ ಜಾಸ್ತಿ ಜನರ ಎದುರು ಕೂತು ಬಾರಿಸಿದ.

ಅದಕ್ಕೂ ಮುಂಚೆ ಅವನು ಏನು ಮಾಡುತ್ತಿದ್ದ ಗೊತ್ತಾ? ಅಪ್ಪನ ಅಂಗಡಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತಿದ್ದ. ಹುಟ್ಟಿದ್ದು 1952ರಲ್ಲಿ, ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ. ಬೆಳೆದದ್ದು ಒಂಟಾರಿಯೊ ಸರೋವರದ ದಂಡೆಯ ಪೋರ್ಟ್ ಡಲ್ಹೌಸಿಯಲ್ಲಿ. ಮನೆಯಲ್ಲಿ ಏನು ಸಿಕ್ಕಿದರೂ ಬಡಿಯುತ್ತಿದ್ದ ಹುಡುಗನಿಗೆ 13ನೇ ಹುಟ್ಟುಹಬ್ಬಕ್ಕೆ ಒಂದು ಜೊತೆ ಸ್ಟಿಕ್, ಒಂದು ಪ್ರಾಕ್ಟೀಸ್ ಪ್ಯಾಡ್ ಸಿಕ್ಕಿತು. ಪಾಠಕ್ಕೂ ಸೇರಿಸಿದರು. ಒಂದು ವರ್ಷ ಬಿಡದೆ ಕಲಿತರೆ ಡ್ರಮ್ಸ್ ಕೊಡಿಸುತ್ತೇವೆ ಅಂದರು ಅಪ್ಪ ಅಮ್ಮ. ಒಂದು ವರ್ಷ ಪೂರ್ತಿ ರಬ್ಬರ್ ಪ್ಯಾಡ್ ಬಡಿದ ಹುಡುಗ ಅವನು. ಮುಂದಿನದ್ದಕ್ಕೆಲ್ಲ ಇದೇ ಬುಡ ಅಂತ ನನ್ನ ಲೆಕ್ಕ. 18ಕ್ಕೆ ಹೆಸರು ಮಾಡುತ್ತೇನೆಂದು ಲಂಡನ್ನಿಗೆ ಹೋದ. ಹೊಟ್ಟೆಪಾಡಿಗೆ ಕಾರ್ನಬಿ ಸ್ಟ್ರೀಟ್‌ನ ಅಂಗಡಿಯಲ್ಲಿ ಪ್ರವಾಸಿಗಳಿಗೆ ಚಿಲ್ಲರೆ ಸಾಮಾನು ಮಾರಿ, ಒಂದೂವರೆ ವರ್ಷಕ್ಕೆ ವಾಪಸ್ ಬಂದ. ಟ್ರ್ಯಾಕ್ಟರ್ ಅಂಗಡಿ ಅದಾದ ಮೇಲೆ.

ಪ್ರವಾಸದ ವ್ಯಾನಿನಲ್ಲೂ ಅವನ ಕೈಯಲ್ಲಿ ಪುಸ್ತಕ. ಇಬ್ಬರೂ ನೋಡಿದರು. ಇಷ್ಟು ಓದುತ್ತೀಯಲ್ಲ, ನೀನೇ ಬರಿ ಅಂದರು. 1975ರ 'ಫ್ಲೈ ಬೈ ನೈಟ್'ನಿಂದ 2012ರ 'ಕ್ಲಾಕ್‌ವರ್ಕ್ ಏಂಜಲ್ಸ್'ವರೆಗೆ ಹೆಚ್ಚುಕಮ್ಮಿ ಎಲ್ಲ ಸಾಹಿತ್ಯ ಅವನದೇ. ಮೊದಮೊದಲ ಸಾಹಿತ್ಯದ ಬಗ್ಗೆ ನಿಜ ಹೇಳಬೇಕೆಂದರೆ, ಭಾರ ಜಾಸ್ತಿ. ಓದಿದ್ದನ್ನೆಲ್ಲ ಒಂದೇ ಹಾಡಿನಲ್ಲಿ ತುರುಕುವ ವಯಸ್ಸು ಅದು. ಆ ಮಾತುಗಳನ್ನು ಅಷ್ಟು ಎತ್ತರದ ದನಿಯಲ್ಲಿ ಹಾಡಬೇಕಾಗಿ ಬಂದ ಗೆಡ್ಡಿ ಬಗ್ಗೆ ನನಗೆ ಈಗಲೂ ಪಾಪ ಅನ್ನಿಸುತ್ತದೆ.

ಪ್ರಶ್ನೆ: ಹೆಸರನ್ನು ಹೇಗೆ ಹೇಳಬೇಕು? ನನ್ನ ಗೆಳೆಯ 'ಪರ್ಟ್' ಅನ್ನುತ್ತಾನೆ.

ನಿಮ್ಮ ಗೆಳೆಯ ಹೇಳಿದ ಹಾಗೆ ಹೇಳುವವರೇ ಜಾಸ್ತಿ. ಪಿಯರ್ಟ್ ಸರಿ. 'ಬಿಯರ್'ಗೆ ಪ್ರಾಸ ಕೂಡಿಸಿ ನೋಡಿ, ತಪ್ಪುವುದಿಲ್ಲ.

ಪ್ರಶ್ನೆ: ಇವನು ಐನ್ ರ‍್ಯಾಂಡ್ ಭಕ್ತ ಅಂತ ಓದಿದ್ದೇನೆ. ಬಡವರು ಹಾಳಾಗಲಿ ಅನ್ನುವ ಪಂಥ. ಅಂಥವನಿಗೆ ಒಂದು ಪುಟ ಯಾಕೆ ದಂಡ?

ಸ್ವಾರ್ಥವೇ ಸದ್ಗುಣ ಅಂತ ಕಾದಂಬರಿ ಬರೆದ ಆ ಅಮೆರಿಕನ್ ಲೇಖಕಿಗೆ ಇಪ್ಪತ್ತರ ಹರೆಯದಲ್ಲಿ ಭಕ್ತನೇ ಆಗಿದ್ದ, ಮುಚ್ಚಿಡುವುದೇನಿಲ್ಲ. 1976ರ '2112' ಆಲ್ಬಂನ ಹೊದಿಕೆಯಲ್ಲೇ ಆಕೆಯ ಪ್ರತಿಭೆಗೆ ವಂದನೆ ಅಚ್ಚಾಗಿದೆ. ಆದರೆ ಅದರ ಹಿಂದಿನ ಕಥೆ ಕೇಳಿ. ಅದಕ್ಕಿಂತ ಮುಂಚಿನ ಆಲ್ಬಂ 'ಕರೆಸ್ ಆಫ್ ಸ್ಟೀಲ್' ನೆಲಕಚ್ಚಿತ್ತು. ಮುಳುಗುತ್ತಿದ್ದೇವೆ ಅಂತ ಅವರೇ ತಮ್ಮ ಪ್ರವಾಸಕ್ಕೆ ಹಾಸ್ಯದ ಹೆಸರಿಟ್ಟುಕೊಂಡಿದ್ದರು. ರೇಡಿಯೋಗೆ ಆಗುವಂಥ ಚಿಕ್ಕ ಹಾಡು ಮಾಡಿ ಅಂತ ಕಂಪನಿಯ ಒತ್ತಡ. ಇವರು ಏನು ಮಾಡಿದರು? ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ, 20 ನಿಮಿಷದ ಒಂದೇ ಕಥೆ. ಪೂಜಾರಿಗಳು ಎಲ್ಲವನ್ನೂ ಆಳುವ ಮುಂದಿನ ಯುಗದಲ್ಲಿ ಒಬ್ಬನಿಗೆ ಹಳೇ ಗಿಟಾರ್ ಸಿಗುತ್ತದೆ, ಪೂಜಾರಿಗಳು ಅದನ್ನು ಮುರಿಯುತ್ತಾರೆ. ಇದರಲ್ಲಿ ಐನ್ ರ‍್ಯಾಂಡ್ ಎಷ್ಟು, ಕಂಪನಿಯವರ ಮೇಲಿನ ಸಿಟ್ಟು ಎಷ್ಟು, ನೀವೇ ಹೇಳಿ. ಆಲ್ಬಂ ಗೆದ್ದಿತು. ಆಮೇಲೆ ಅವರಿಗೆ ಹೀಗೆ ಮಾಡಿ ಹಾಗೆ ಮಾಡಿ ಅಂತ ಯಾರೂ ಹೇಳಲಿಲ್ಲ.

1978ರಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಯೊಂದು ಇವರನ್ನು ಫ್ಯಾಸಿಸ್ಟರ ಸಾಲಿಗೆ ಸೇರಿಸಿ ಬರೆಯಿತು. ಗೆಡ್ಡಿ ಲೀಯ ಅಪ್ಪ ಅಮ್ಮ ನಾಜಿ ಶಿಬಿರಗಳಿಂದ ಬದುಕಿ ಬಂದವರು. ಅದು ಆ ಮನೆಯಲ್ಲಿ ಹೇಗೆ ಚುಚ್ಚಿರಬೇಡ! ಪಿಯರ್ಟ್ ಮುಂದೆ ಆ ಗುಂಗಿನಿಂದ ಹೊರಗೆ ಬಂದ. ನಾನು ಯಾರ ಶಿಷ್ಯನೂ ಅಲ್ಲ ಅಂದ. ಸ್ವಾತಂತ್ರ್ಯದ ಮಾತು ಬಿಡಲಿಲ್ಲ, ಅದಕ್ಕೆ ಕರುಣೆಯೂ ಬೇಕು ಅನ್ನತೊಡಗಿದ. ಇಪ್ಪತ್ತೆರಡರಲ್ಲಿ ನಾವು ಓದಿ ತಲೆ ಮೇಲೆ ಹೊತ್ತುಕೊಂಡ ಪುಸ್ತಕಗಳ ಪಟ್ಟಿ ಯಾರಾದರೂ ಹೊರಗೆ ತೆಗೆದರೆ ನಿಮ್ಮದೂ ನನ್ನದೂ ಮಾನ ಉಳಿಯುತ್ತದಾ?

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಮನೆಯವರು ತೀರಿಕೊಂಡರು. ಮಗಳು ಪಿಯರ್ಟ್ ಬರೆದ 'ಘೋಸ್ಟ್ ರೈಡರ್' ತಂದುಕೊಟ್ಟು ಓದು ಅಂದಿದ್ದಾಳೆ. ತೆರೆಯಲು ಭಯವಾಗುತ್ತದೆ. ಓದಲೋ ಬೇಡವೋ?

ಅಕ್ಕಾ, ಅವಸರ ಏನೂ ಇಲ್ಲ. ಪುಸ್ತಕ ಮೇಜಿನ ಮೇಲೆ ಇರಲಿ. ಅದರಲ್ಲಿ ಏನಿದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

1997ರ ಆಗಸ್ಟ್ 10ರಂದು ಪಿಯರ್ಟ್‌ನ ಒಬ್ಬಳೇ ಮಗಳು ಸೆಲೀನಾ ಟೊರಾಂಟೊ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಕಾರು ಅಪಘಾತದಲ್ಲಿ ಹೋಗಿಬಿಟ್ಟಳು. 19 ವರ್ಷ. ಹತ್ತು ತಿಂಗಳಿಗೆ, 1998ರ ಜೂನ್ 20ಕ್ಕೆ, ಹೆಂಡತಿ ಜಾಕಿ ಹೋದಳು. ವೈದ್ಯರ ಲೆಕ್ಕದಲ್ಲಿ ಕ್ಯಾನ್ಸರ್. ಎದೆ ಒಡೆದು ಸತ್ತಳು ಅಂತ ಗಂಡ ಬರೆದ. ಮಗಳ ಅಂತ್ಯಕ್ರಿಯೆಯ ದಿನವೇ ಬ್ಯಾಂಡಿನ ಗೆಳೆಯರಿಬ್ಬರಿಗೆ ನನ್ನನ್ನು ನಿವೃತ್ತ ಅಂತಲೇ ತಿಳಿದುಕೊಳ್ಳಿ ಅಂದಿದ್ದ. ಅವರು ಇನ್ನೊಬ್ಬ ಡ್ರಮ್ಮರ್‌ನನ್ನು ಹುಡುಕಲಿಲ್ಲ. ಕರೆಯಲೂ ಇಲ್ಲ. ಸುಮ್ನೆ ಕಾದರು.

ಜಾಕಿ ಹೋದ ಎರಡು ತಿಂಗಳಿಗೆ ಅವನು ಕ್ವಿಬೆಕ್‌ನ ಸರೋವರದ ದಂಡೆಯ ಮನೆಯಿಂದ ಬಿಎಂಡಬ್ಲ್ಯೂ ಮೋಟರ್‌ಸೈಕಲ್ ಹತ್ತಿ ಹೊರಟ. ಎಲ್ಲಿಗೆ ಅಂತಿಲ್ಲ. ಉತ್ತರ ತುದಿಯ ಇನುವಿಕ್, ಅಲಾಸ್ಕ, ಅಲ್ಲಿಂದ ಕೆಳಗೆ ಪಶ್ಚಿಮ ಅಮೆರಿಕದ ಮರುಭೂಮಿಗಳು, ಮೆಕ್ಸಿಕೊ, ಬೆಲೀಜ್. 14 ತಿಂಗಳು, 88,000 ಕಿಲೋಮೀಟರ್. 2002ರಲ್ಲಿ ಬಂದ ಪುಸ್ತಕ ಅದೇ ಸವಾರಿಯದು. ಎಷ್ಟು ದೂರ ಓಡಿಸಿದೆ, ಯಾವ ಮೋಟೆಲ್‌ನಲ್ಲಿ ಏನು ತಿಂದೆ, ಯಾವ ಹಕ್ಕಿ ಕಂಡೆ. ಜೈಲಿನಲ್ಲಿದ್ದ ಹಳೇ ಗೆಳೆಯನಿಗೆ ಬರೆದ ಉದ್ದುದ್ದ ಪತ್ರಗಳೂ ಇವೆ. ತನ್ನಲ್ಲಿ ಉಳಿದದ್ದು ಹಸುಗೂಸಿನಂಥ ಒಂದು ಚೂರು ಜೀವ ಅನ್ನುತ್ತಾನೆ. ಅಳುವ ಕೂಸನ್ನು ಎತ್ತಿಕೊಂಡು ಅಡ್ಡಾಡಿಸಿದರೆ ಸುಮ್ಮನಾಗುತ್ತದಲ್ಲ, ಹಾಗೆ ಅದನ್ನು ಗಾಡಿಯಲ್ಲಿ ಕೂರಿಸಿಕೊಂಡು ಓಡಾಡಿಸಿದೆ ಅನ್ನುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಮರೆಯದೆ ಉಳಿದದ್ದು ಈ ಮಾತು.

ಸಮಾಧಾನ ಹೇಳುವ ಪುಸ್ತಕ ಅಂತ ತೆರೆದರೆ ನಿರಾಸೆಯಾಗುತ್ತದೆ. ಅವನು ಒಳ್ಳೆಯವನಾಗಿ ಕಾಣಲು ಪ್ರಯತ್ನವನ್ನೇ ಮಾಡುವುದಿಲ್ಲ. ನಗುತ್ತಾ ಊಟ ಮಾಡುವ ಬೇರೆಯವರ ಸಂಸಾರ ಕಂಡರೆ ಹೊಟ್ಟೆ ಉರಿಯುತ್ತದೆ, ಅದನ್ನೂ ಬರೆಯುತ್ತಾನೆ. ನಡುವೆ ನೂರು ಪುಟ ಹೇಳಿದ್ದನ್ನೇ ಹೇಳುತ್ತಾನೆ. ದಾಟಿಸಿ ಓದಿ, ಪಾಪ ಬರುವುದಿಲ್ಲ. ಕೊನೆಯ ಬಗ್ಗೆ ನನ್ನದೊಂದು ತಕರಾರಿದೆ. ಫೋಟೋಗ್ರಾಫರ್ ಕ್ಯಾರಿ ನಟಾಲ್ ಸಿಗುತ್ತಾಳೆ, 2000ದಲ್ಲಿ ಮದುವೆಯಾಗುತ್ತದೆ. ದುಃಖಕ್ಕೆ ನಾನೂರು ಪುಟ ಕೊಟ್ಟವನು ಸುಖಕ್ಕೆ ನಾಲ್ಕು ಪುಟ ಕೊಟ್ಟು ಎದ್ದು ಹೋಗುತ್ತಾನೆ.

ನಾನು ಇದನ್ನು ಓದಿದ್ದು ಅಪ್ಪ ಹೋದ ವರ್ಷ. ಅಳು ಬರಲಿಲ್ಲ. ಆದರೆ ಅವನು ಕಿಲೋಮೀಟರ್ ಲೆಕ್ಕ ಇಡುವುದು ಹಿಡಿಸಿತು. ಒಂದು ನೋಟ್‌ಬುಕ್ ತಂದು ದಿನಕ್ಕೆ ಎಷ್ಟು ದೂರ ನಡೆದೆ, ದಾರಿಯಲ್ಲಿ ಏನು ಕಂಡೆ ಅಂತ ಬರೆಯತೊಡಗಿದೆ. ಕೆಲವು ದಿನ ಬರೀ 'ಅರ್ಧ ಕಿಲೋಮೀಟರ್, ಏನೂ ಕಾಣಲಿಲ್ಲ' ಅಂತಿದೆ. ಎಂಟು ತಿಂಗಳು ಬರೆದೆ.

ಓದಲು ಮನಸ್ಸಾಗದಿದ್ದರೆ ಇನ್ನೊಂದು ದಾರಿ ಇದೆ. 2001ರಲ್ಲಿ ಅವನು ಮತ್ತೆ ಸ್ಟುಡಿಯೋಗೆ ಹೋದ. ಮೂವರೂ ಸೇರಿ ಒಂದು ವರ್ಷಕ್ಕೂ ಜಾಸ್ತಿ ತೆಗೆದುಕೊಂಡು 'ವೇಪರ್ ಟ್ರೇಲ್ಸ್' ಮಾಡಿದರು. ಆಲ್ಬಂ ಹಾಕಿದ ತಕ್ಷಣ ಮೊದಲು ಕೇಳುವುದು ಬರೀ ಡ್ರಮ್ಸ್. ಗಿಟಾರ್ ಇಲ್ಲ, ದನಿ ಇಲ್ಲ. ಅವನು ಒಬ್ಬನೇ. ಆಮೇಲೆ ಉಳಿದಿಬ್ಬರು ಬಂದು ಕೂಡಿಕೊಳ್ಳುತ್ತಾರೆ. ಆ ಕೆಲವು ಸೆಕೆಂಡು ಕೇಳಿ.

ಪ್ರಶ್ನೆ: 'ಲೆಡ್ ಜೆಪ್ಲಿನ್' ಬ್ಯಾಂಡಿನ ಡ್ರಮ್ಮರ್ ಜಾನ್ ಬೋನಮ್ ದೊಡ್ಡವನೋ, ಪಿಯರ್ಟ್ ದೊಡ್ಡವನೋ?

ಬೋನಮ್ ಬಾರಿಸಿದರೆ ಕುಣಿಯಬೇಕು ಅನ್ನಿಸುತ್ತದೆ. ಪಿಯರ್ಟ್ ಬಾರಿಸಿದರೆ ಎಣಿಸಬೇಕು ಅನ್ನಿಸುತ್ತದೆ. ನಿಮಗೆ ಇವತ್ತು ಯಾವುದು ಬೇಕೋ ಅವನು ದೊಡ್ಡವನು.

ಪ್ರಶ್ನೆ: ನನಗೆ 45. ಡ್ರಮ್ಸ್ ಕ್ಲಾಸ್ ಸೇರಬೇಕು ಅಂತ ಆಸೆ. ಮನೆಯಲ್ಲಿ ನಗುತ್ತಾರೆ. ನಿಮಗೇನನ್ನಿಸುತ್ತದೆ?

ನಗಲಿ ಬಿಡಿ, ಸದ್ದು ಶುರುವಾದ ಮೇಲೆ ನಿಲ್ಲಿಸುತ್ತಾರೆ.

1983ರಲ್ಲಿ, ಮೂವತ್ತರ ಹರೆಯದಲ್ಲೇ, 'ಮಾಡರ್ನ್ ಡ್ರಮ್ಮರ್' ಪತ್ರಿಕೆಯ ಗೌರವ ಪಟ್ಟಿಗೆ ಸೇರಿದವನು ಪಿಯರ್ಟ್. ಅಷ್ಟು ಚಿಕ್ಕ ವಯಸ್ಸಿಗೆ ಅದು ಅದಕ್ಕೂ ಮುಂಚೆ ಯಾರಿಗೂ ಸಿಕ್ಕಿರಲಿಲ್ಲ. ಅಂಥವನು 1994ರಲ್ಲಿ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ನೆನಪಿಗೆ ಒಂದು ಆಲ್ಬಂ ಮಾಡಿಸಿದ. ಹತ್ತಾರು ಡ್ರಮ್ಮರ್‌ಗಳು ಬಂದು ಒಂದೊಂದು ಹಾಡು ಬಾರಿಸಿ ಹೋದರು. ಅವರಲ್ಲಿ ಸ್ಟೀವ್ ಸ್ಮಿತ್‌ನ ಕೈ ಹಿಂದಿಗಿಂತ ಎಷ್ಟೋ ಚೆನ್ನಾಗಿ ಓಡುತ್ತಿತ್ತು. ಏನಪ್ಪಾ ಗುಟ್ಟು ಅಂತ ಕೇಳಿದರೆ ಅವನು ಗುರುವಿನ ಹೆಸರು ಹೇಳಿದ: ಫ್ರೆಡ್ಡಿ ಗ್ರೂಬರ್. ನಮ್ಮವನು ನೆಟ್ಟಗೆ ಹೋಗಿ ಆ ಮುದುಕನ ಮುಂದೆ ಕೂತ. ಆಗ ಅವನಿಗೆ ನಲವತ್ತೆರಡು.

ಗ್ರೂಬರ್ ಕಲಿಸಿದ್ದು ಹೊಸ ತಾಳವಲ್ಲ. ಎರಡು ಪೆಟ್ಟಿನ ನಡುವೆ ಕೈ ಗಾಳಿಯಲ್ಲಿ ಹೇಗೆ ತಿರುಗುತ್ತದೆ ಅನ್ನುವುದು. ನೃತ್ಯ ಕಲಿಸಿದ ಹಾಗೆ ಕಲಿಸಿದ. ಸ್ಟಿಕ್ ಹಿಡಿಯುವ ರೀತಿ ಬದಲಾಯಿತು. ಎಡಗೈಗೆ ಜಾಝ್‌ನವರ ಹಳೇ ಹಿಡಿತ ಬಂತು. ಕೂರುವ ರೀತಿ, ಡ್ರಮ್ಸ್ ಜೋಡಿಸುವ ರೀತಿ ಕೂಡ ಬದಲಾಯಿತು. ಇಪ್ಪತ್ತು ವರ್ಷ ದುಡಿದು ಗಳಿಸಿದ ಕೈಯನ್ನು ಪಕ್ಕಕ್ಕಿಟ್ಟು ಮತ್ತೆ ದಿನಾ ಅಭ್ಯಾಸ. 13ರಲ್ಲಿ ಪ್ಯಾಡ್ ಬಡಿದ ಹುಡುಗ ಎಲ್ಲೂ ಹೋಗಿರಲಿಲ್ಲ ಅಂತಾಯಿತು. ಹಾಗೆ ಕಲಿತ ಮೇಲೆ 1996ರಲ್ಲಿ 'ಟೆಸ್ಟ್ ಫಾರ್ ಎಕೋ' ಆಲ್ಬಂ ಬಂತು. ಅದರಲ್ಲಿ ಭಾರೀ ವ್ಯತ್ಯಾಸ ಕೇಳಿಸುತ್ತದಾ ಅಂದರೆ, ನನ್ನ ಕಿವಿಗೆ ಅಷ್ಟೇನಿಲ್ಲ. ಆಮೇಲೂ ಬಿಡಲಿಲ್ಲ ಪುಣ್ಯಾತ್ಮ. ಐವತ್ತು ದಾಟಿದ ಮೇಲೆ ಜಾಝ್ ಡ್ರಮ್ಮರ್ ಪೀಟರ್ ಅರ್ಸ್ಕಿನ್ ಹತ್ತಿರ ಮತ್ತೆ ಪಾಠಕ್ಕೆ ಹೋದ. ಜನ ಅವನನ್ನು 'ಪ್ರೊಫೆಸರ್' ಅಂತ ಕರೆಯುತ್ತಿದ್ದರು. ನನಗೇನೋ ಅವನು ಕೊನೆವರೆಗೂ ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುವ ಹುಡುಗನ ಹಾಗೇ ಕಾಣುತ್ತಾನೆ.

ಫೀಸ್ ಕಟ್ಟಿ ಬನ್ನಿ.

ಪ್ರಶ್ನೆ: ಅಭಿಮಾನಿಗಳನ್ನು ಭೇಟಿಯೇ ಆಗುತ್ತಿರಲಿಲ್ಲವಂತೆ. ಅಹಂಕಾರವಾ?

ನಾಚಿಕೆ. ಗುರುತಿಲ್ಲದವರು ಬಂದು ಬಹಳ ದಿನದ ಸ್ನೇಹಿತರ ಹಾಗೆ ಮಾತಾಡಿಸಿದರೆ ಅವನಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. 1981ರ 'ಲೈಮ್‌ಲೈಟ್' ಹಾಡು ಇದರ ಬಗ್ಗೆಯೇ. ಕಾರ್ಯಕ್ರಮ ಮುಗಿದ ಮೇಲೆ ಗೆಡ್ಡಿ, ಅಲೆಕ್ಸ್ ಜನರನ್ನು ಮಾತಾಡಿಸುತ್ತಿದ್ದರು. ಇವನು ಅಷ್ಟರಲ್ಲಿ ಊರಿನಿಂದಲೇ ಹೊರಗೆ ಹೋಗಿರುತ್ತಿದ್ದ. ಮೊದಲು ಸೈಕಲ್, ಆಮೇಲೆ ಮೋಟರ್‌ಸೈಕಲ್. ಬಸ್ಸಿನಲ್ಲಿ ಸ್ವಲ್ಪ ದೂರ ಹೋಗಿ ಮಲಗುವುದು, ಬೆಳಿಗ್ಗೆ ಹೆದ್ದಾರಿ ಬಿಟ್ಟು ಸಣ್ಣ ರಸ್ತೆ ಹಿಡಿದು ಮುಂದಿನ ಊರಿಗೆ ಗಾಡಿ ಓಡಿಸುವುದು, ಸಂಜೆ ಹೋಗಿ ಮೂರು ಗಂಟೆ ಡ್ರಮ್ಸ್ ಬಾರಿಸುವುದು. ಅವನ ಪುಸ್ತಕಗಳು ಹುಟ್ಟಿದ್ದು ಈ ಸಣ್ಣ ರಸ್ತೆಗಳಲ್ಲಿ.

ಮೊದಲನೆಯದು 1996ರ 'ದ ಮಾಸ್ಕ್‌ಡ್ ರೈಡರ್'. 1988ರಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಸೈಕಲ್ ತುಳಿದ ಕಥೆ. ಚೀಲದಲ್ಲಿ ಅರಿಸ್ಟಾಟಲ್‌ನ ನೀತಿಶಾಸ್ತ್ರ, ವ್ಯಾನ್‌ಗೋ ಪತ್ರಗಳು. ದೂಳು, ಜ್ವರ, ಭೇದಿ, ಜೊತೆಗೆ ಬಂದವರ ಮೇಲೆ ರೇಗಾಟ. ಅಲ್ಲಿ ಅವನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅದೇ ಅವನಿಗೆ ಬೇಕಾಗಿತ್ತು. ಎಲ್ಲರೂ 'ಘೋಸ್ಟ್ ರೈಡರ್' ಹೆಸರು ಹೇಳುತ್ತಾರೆ, ನನ್ನ ಓಟು ಇದಕ್ಕೆ. ಹಾಡಿನಲ್ಲಿ ಭಾರೀ ಮಾತು ಹುಡುಕುವವನು ಗದ್ಯಕ್ಕೆ ಬಂದರೆ ಟೈರ್, ಮಳೆ, ಕೆಟ್ಟ ಊಟ ಅಂತ ನೆಲಕ್ಕೆ ಇಳಿಯುತ್ತಾನೆ.

ಕೊನೆಗಾಲದಲ್ಲೂ ಹಾಗೇ ಇದ್ದ. 2015ರ ಪ್ರವಾಸದಲ್ಲಿ ಪಾದಕ್ಕೆ ಸೋಂಕು ತಗುಲಿ ನಡೆಯುವುದೇ ಕಷ್ಟವಾಗಿತ್ತು. ಆಗಸ್ಟ್ 1ರಂದು ಲಾಸ್ ಏಂಜಲಿಸ್‌ನಲ್ಲಿ ಕೊನೆಯ ಕಾರ್ಯಕ್ರಮ. ಅಷ್ಟು ವರ್ಷ ಡ್ರಮ್ಸ್ ಬಿಟ್ಟು ವೇದಿಕೆಯ ಮುಂದೆ ಬಂದು ನಿಲ್ಲದವನು ಅವತ್ತು ಎದ್ದು ಬಂದು ಇಬ್ಬರನ್ನೂ ತಬ್ಬಿಕೊಂಡ. ಆಮೇಲೆ ಮನೆ ಸೇರಿದ. ಕ್ಯಾರಿಯಲ್ಲಿ ಹುಟ್ಟಿದ ಮಗಳು ಒಲಿವಿಯಾ ಹುಟ್ಟಿದ್ದು 2009ರಲ್ಲಿ. ಅವಳು ಶಾಲೆಯ ಗೆಳೆಯರಿಗೆ ಇವರು ನಮ್ಮಪ್ಪ, ನಿವೃತ್ತ ಡ್ರಮ್ಮರ್ ಅಂತ ಪರಿಚಯ ಮಾಡಿಕೊಡುತ್ತಾಳೆ ಅಂತ ಖುಷಿಯಿಂದ ಬರೆದಿದ್ದಾನೆ. ಸ್ವಲ್ಪ ದಿನಕ್ಕೇ ಮಿದುಳಿನ ಕ್ಯಾನ್ಸರ್ ಪತ್ತೆಯಾಯಿತು. ಮೂರೂವರೆ ವರ್ಷ ಅದರ ಜೊತೆ ಇದ್ದ. ಹತ್ತಿರದವರು ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಗೆಳೆಯರಿಬ್ಬರೂ ಬಾಯಿ ಬಿಡಲಿಲ್ಲ. 2020ರ ಜನವರಿ 7ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತೀರಿಕೊಂಡ. ಲೋಕಕ್ಕೆ ಗೊತ್ತಾದದ್ದು 10ಕ್ಕೆ. ನನಗೆ ಅವತ್ತು ಮೊದಲು ಬಂದದ್ದು ದುಃಖವಲ್ಲ, ಬೆರಗು. ಈ ಕಾಲದಲ್ಲಿ ಒಂದು ಗುಟ್ಟನ್ನು ಮೂರೂವರೆ ವರ್ಷ ಇಟ್ಟುಕೊಂಡರಲ್ಲ!

ಪ್ರಶ್ನೆ: ಅವನ ಊರಲ್ಲಿ ನೆನಪಿಗೆ ಏನಾದರೂ ಮಾಡಿದ್ದಾರಾ?

ಪೋರ್ಟ್ ಡಲ್ಹೌಸಿಯ ಲೇಕ್‌ಸೈಡ್ ಪಾರ್ಕ್‌ನಲ್ಲಿ ಒಂದು ಮಂಟಪಕ್ಕೆ ಅವನ ಹೆಸರಿದೆ. ಹುಡುಗನಾಗಿದ್ದಾಗ ಅದೇ ಪಾರ್ಕಿನಲ್ಲಿ ಆಟದ ಮಳಿಗೆ ನೋಡಿಕೊಳ್ಳುತ್ತಿದ್ದ. ಗಿರಾಕಿ ಇಲ್ಲದಾಗ ಆರಾಮಾಗಿ ಕೂತಿರುತ್ತಾನೆ ಅಂತ ಕೆಲಸದಿಂದ ತೆಗೆದಿದ್ದರು.

ಪ್ರಶ್ನೆ: ರಷ್ ಮತ್ತೆ ಬರುತ್ತಿದೆಯಂತೆ. ಅವನಿಲ್ಲದೆ ಹೇಗೆ?

2026ಕ್ಕೆ ಪ್ರವಾಸ ಅಂತ 2025ರ ಅಕ್ಟೋಬರ್‌ನಲ್ಲಿ ಗೆಡ್ಡಿ ಮತ್ತು ಅಲೆಕ್ಸ್ ಹೇಳಿದರು. ಡ್ರಮ್ಸ್‌ಗೆ ಜರ್ಮನಿಯ ಅನಿಕಾ ನಿಲ್ಲೆಸ್. ಪಿಯರ್ಟ್‌ನ ಹೆಂಡತಿ, ಮಗಳು ಒಪ್ಪಿದ್ದಾರೆ. ಅವರಿಗೇ ಅಡ್ಡಿಯಿಲ್ಲದ ಮೇಲೆ ನಾನು ಯಾರು ಹುಬ್ಬು ಗಂಟಿಕ್ಕಲು?

ಪ್ರಶ್ನೆ: ಅಂಕಲ್, ನನಗೆ 16. ರಷ್‌ನ 'ವೈ ವೈ ಝೆಡ್' ಟ್ಯೂನಿನ ಶುರುವಿನಲ್ಲೇ ಲೆಕ್ಕ ತಪ್ಪುತ್ತದೆ. ಹೇಗೆ ಎಣಿಸಬೇಕು?

ಬಾ ತಮ್ಮಾ, ನಿನಗೇ ಕಾಯುತ್ತಿದ್ದೆ. ವೈ ವೈ ಝೆಡ್ ಅಂದರೆ ಟೊರಾಂಟೊ ವಿಮಾನ ನಿಲ್ದಾಣದ ಸಂಕೇತ. ವಿಮಾನದವರಿಗೆ ಅದು ಮೋರ್ಸ್ ತಂತಿ ಭಾಷೆಯಲ್ಲಿ ಕೇಳುತ್ತದೆ. ಆ ಸದ್ದನ್ನೇ ತಾಳ ಮಾಡಿಕೊಂಡರು. ಮೋರ್ಸ್‌ನಲ್ಲಿ 'ವೈ' ಅಂದರೆ ಉದ್ದ, ಗಿಡ್ಡ, ಉದ್ದ, ಉದ್ದ. 'ಝೆಡ್' ಅಂದರೆ ಉದ್ದ, ಉದ್ದ, ಗಿಡ್ಡ, ಗಿಡ್ಡ. ಉದ್ದಕ್ಕೆ ಎರಡು ಮಾತ್ರೆ, ಗಿಡ್ಡಕ್ಕೆ ಒಂದು ಅಂತ ಇಟ್ಟುಕೋ. ಛಂದಸ್ಸಿನ ಗುರು ಲಘು ಇದ್ದ ಹಾಗೇ. 'ವೈ'ಗೆ 7, ಇನ್ನೊಂದು 'ವೈ'ಗೆ 7, 'ಝೆಡ್'ಗೆ 6. ಒಟ್ಟು 20. ಅಂದರೆ ನಾಲ್ಕು ನಾಲ್ಕು ಮಾತ್ರೆಯ ಐದು ಏಟು. ನೀನು ಸುಮ್ನೆ ನಾಲ್ಕಕ್ಕೆ ಕಾಲು ಕುಟ್ಟುತ್ತಾ ಕೂತಿರುತ್ತೀಯ, ಅದಕ್ಕೇ ತಪ್ಪುತ್ತಿದೆ.

ಸ್ಟಿಕ್ ಮುಟ್ಟಬೇಡ ಈಗಲೇ. ಕಾಲಿನಲ್ಲಿ ನಿಧಾನವಾಗಿ ಐದು ಏಟು ಹಾಕು. ಬಾಯಲ್ಲಿ ಹೇಳು: ತಾ-ತ-ತಾ-ತಾ, ತಾ-ತ-ತಾ-ತಾ, ತಾ-ತಾ-ತ-ತ. ಎರಡೂ ಒಟ್ಟಿಗೆ ಬಂದು ಒಂದರ ಮೇಲೆ ಬೀಳಬೇಕು. ಮೊದಲ ದಿನ ಬೀಳುವುದಿಲ್ಲ. ನನಗೆ ಒಂಬತ್ತು ದಿನ ಬೇಕಾಯಿತು, ದಿಂಬಿನ ಮೇಲೆ. ಬಿದ್ದ ಮೇಲೆ ಬ್ರೆಜಿಲ್‌ನ ರಿಯೊದಲ್ಲಿ 2002ರಲ್ಲಿ ಅವರು ಇದನ್ನು ನುಡಿಸಿದ ವಿಡಿಯೋ ಹುಡುಕು. ಈ ಟ್ಯೂನಿಗೆ ಮಾತೇ ಇಲ್ಲ, ನಿನಗೆ ಗೊತ್ತಲ್ಲ. ಅಲ್ಲಿ ಸೇರಿದ ಜನ ಎಗರುತ್ತಾ, ಮಾತಿಲ್ಲದ ಟ್ಯೂನನ್ನು ಬಾಯಲ್ಲೇ ಹಾಡುತ್ತಾರೆ. ಹಿಂದೆ ಕೂತವನ ಮುಖ ನೋಡಬೇಡ, ಅವನು ನಗುವವನಲ್ಲ. ಎಡಗೈ ನೋಡು.